ಬೆಂಚಿನಡಿಯ ಚೀಲ: ಗೆಳೆಯನಿಗೊಂದು ಪತ್ರ

ಮಾರಾಯ,

ನಿನ್ನ ಕಿರುಚಿತ್ರದ ಸ್ಕ್ರಿಪ್ಟ್ ಓದಿದೆ. ಕುಮಟಾ ಬಸ್‌ಸ್ಟ್ಯಾಂಡ್, ಬೆಂಚಿನಡಿ ಯಾರದೋ ಚೀಲ, ಪಕ್ಕದಲ್ಲಿ ಭಟ್ಕಳದ ಮುಸ್ಲಿಂ ಹುಡುಗ, ಚೀಲದಲ್ಲಿ ಬಾಂಬ್ ಇದೆಯೇನೋ ಅಂತ ಅವನನ್ನೇ ನೋಡುವ ಹತ್ತು ಜನರ ಕಣ್ಣು. ಇಷ್ಟು ಸಾಕು. ಆದರೆ ಕೊನೆಗೆ ಚೀಲ ಬಿಚ್ಚಿ ಭಟ್ಕಳ ಮಲ್ಲಿಗೆ ತೋರಿಸ್ತೀಯಲ್ಲ, ಅದನ್ನು ತೆಗೆದುಹಾಕು. ಹುಡುಗ ಏನೂ ಮಾಡಿಲ್ಲ ಅಂತ ಪ್ರೇಕ್ಷಕನಿಗೆ ಎರಡನೇ ನಿಮಿಷಕ್ಕೇ ಗೊತ್ತಾಗಿರುತ್ತದೆ. ಆಮೇಲೆ ಅವನು ಕಾಯುವುದು ಬರೀ ನಿನ್ನ ಟ್ವಿಸ್ಟಿಗೆ. ಹುಡುಗನನ್ನು ದೇವರಂಥವನನ್ನಾಗಿಯೂ ಮಾಡಬೇಡ. ಸ್ವಲ್ಪ ಸಿಡುಕನಾಗಿರಲಿ, ಚಿಲ್ಲರೆಗೆ ಕಂಡಕ್ಟರ್ ಜೊತೆ ಜಗಳವಾಡಲಿ.

‘ಲಂಡನ್ ರಿವರ್’ (2009) ಇನ್ನೊಮ್ಮೆ ನೋಡು. 2005ರ ಜುಲೈ 7ರಂದು ಲಂಡನ್ನಿನ ಮೂರು ಸುರಂಗ ರೈಲು, ಒಂದು ಬಸ್ಸಿನಲ್ಲಿ ಬಾಂಬ್ ಸಿಡಿದು 52 ಜನ ಸತ್ತರು. ನಿರ್ದೇಶಕ ರಶೀದ್ ಬುಶಾರೆಬ್ ಬಾಂಬ್ ಇಟ್ಟವರ ಬೆನ್ನು ಹತ್ತುವುದಿಲ್ಲ. ಮಗಳನ್ನು ಹುಡುಕುತ್ತ ಬಂದ ಗರ್ನ್ಸಿ ದ್ವೀಪದ ರೈತ ಹೆಂಗಸು, ಮಗನನ್ನು ಹುಡುಕುತ್ತ ಫ್ರಾನ್ಸಿನಿಂದ ಬಂದ ಆಫ್ರಿಕಾ ಮೂಲದ ಮುಸ್ಲಿಂ ಮುದುಕ, ಇಬ್ಬರೇ ಅವನಿಗೆ ಸಾಕು. ಮಕ್ಕಳಿಬ್ಬರೂ ಒಂದೇ ಮನೆಯಲ್ಲಿದ್ದರು ಅಂತ ತಿಳಿದಾಗ ಆ ಹೆಂಗಸಾದ ಬ್ರೆಂಡಾ ಬ್ಲೆತಿನ್ ಮುಖ ನೋಡು. ಮುದುಕನಾದ ಸೊಟಿಗಿ ಕುಯಾಟೆಗೆ ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನ ಬೆಳ್ಳಿ ಕರಡಿ ಪ್ರಶಸ್ತಿ ಬಂತು. ಮಾಡಿದ್ದು ಹೆಚ್ಚಾಗಿ ನಿಧಾನಕ್ಕೆ ನಡೆದದ್ದು, ಸುಮ್ಮನೆ ನಿಂತದ್ದು. ಇಬ್ಬರೂ ಮಾತಾಡುವುದು ಫ್ರೆಂಚಿನಲ್ಲಿ.

ಭಾಷೆಯ ಈ ಎಳೆ ನಿನ್ನ ಕೈಯಲ್ಲೇ ಇದೆ, ನೀನು ಬಳಸಿಲ್ಲ. ಹುಡುಗ ಫೋನಿನಲ್ಲಿ ತಾಯಿಯ ಹತ್ತಿರ ಭಟ್ಕಳದ ಮುಸ್ಲಿಮರ ಮನೆಮಾತಾದ ನವಾಯತಿಯಲ್ಲಿ ಮಾತಾಡಲಿ, ಸಬ್‌ಟೈಟಲ್ ಹಾಕಬೇಡ. ಉಳಿದವರಿಗೆ ಅದು ಗುಟ್ಟಿನ ಮಾತಿನ ಹಾಗೆ ಕೇಳುತ್ತದೆ, ಪ್ರೇಕ್ಷಕನಿಗೂ. ಬುಟ್ಟಿ ಇಟ್ಟುಕೊಂಡು ಕೂತ ಮೀನು ಮಾರುವ ಅಕ್ಕನ ಮನೆಮಾತು ಕೊಂಕಣಿ. ನವಾಯತಿ ಅದಕ್ಕೆ ಹತ್ತಿರದ್ದು, ಅರ್ಧ ತಿಳಿದೀತು. ಮಾತ್ರೆ ನುಂಗಿದೆಯೋ ಇಲ್ಲವೋ ಅಂತ ಅವ ಕೇಳುತ್ತಿದ್ದಾನೆ. ಅವಳು ಯಾರಿಗೂ ಹೇಳುವುದಿಲ್ಲ, ಬುಟ್ಟಿ ಸರಿಸಿ ಅವನಿಗೆ ಜಾಗ ಬಿಡುತ್ತಾಳೆ. ಕ್ಯಾಮರಾ ಬುಟ್ಟಿಯ ಮೇಲಿರಲಿ, ಮುಖಕ್ಕೆ ಹೋಗಬೇಡ.

ಸ್ಕ್ರಿಪ್ಟಿನ ಪುಟಕ್ಕೊಂದು ನಿಮಿಷ ಅನ್ನುವ ಲೆಕ್ಕ ಇಂಥ ಚಿತ್ರಕ್ಕೆ ಹೊಂದುವುದಿಲ್ಲ. ಮೌನಕ್ಕೆ ಪುಟ ಬೇಡ, ಸಮಯ ಬೇಕು. 15 ನಿಮಿಷದ ಚಿತ್ರಕ್ಕೆ 10 ಪುಟ ಸಾಕು. ಜೂನ್, ಜುಲೈ ಬೇಡವೇ ಬೇಡ. ತಗಡಿನ ಮೇಲೆ ನಮ್ಮ ಕರಾವಳಿಯ ಮಳೆ ಬಿದ್ದರೆ ಯಾವ ಕಾಲರ್ ಮೈಕೂ ಮಾತು ಹಿಡಿಯದು. ಡಿಸೆಂಬರಿಗೆ ಇಟ್ಟುಕೊ. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಸುತ್ತಲಿನ ಸದ್ದು ರೆಕಾರ್ಡ್ ಮಾಡು. ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಪ್ರತಿ ಕಟ್ಟಿಗೂ ಮೌನ ಟಪ್ಪನೆ ಹರಿಯುತ್ತದೆ.

ಇನ್ನು ಆ ಚೀಲ. ಸಾರಿಗೆ ಸಂಸ್ಥೆಯ ಅನುಮತಿಯೊಂದೇ ಸಾಲದು, ಪೊಲೀಸ್ ಠಾಣೆಗೂ ಮೊದಲೇ ಬರೆದುಕೊಡು. ಅನುಮತಿ ಪತ್ರದ ಪ್ರತಿ ಹಿಡಿದ ಒಬ್ಬ ಚೀಲದಿಂದ ಐದು ಹೆಜ್ಜೆಯೊಳಗೇ ಇರಲಿ. ಶಾಟ್ ಮುಗಿದ ಕೂಡಲೇ ಚೀಲ ಎತ್ತಿಕೊಳ್ಳಲಿ. ಊಟಕ್ಕೆ ಹೋಗುವಾಗ ಬೆಂಚಿನಡಿ ಮರೆತು ಬಿಟ್ಟೀರಿ ಮತ್ತೆ.

ನಿನ್ನವ