ಇಳಿಯುವಾಗ ಮಂಡಿ ನೋವೇ? ಎಲ್ಲವೂ ಸವೆತವಲ್ಲ

ಮಾನ್ಯರೇ,

ಆಷಾಢ ಹತ್ತಿರ ಬಂತು. ಶುಕ್ರವಾರ ಬೆಳಗಾಗುವ ಮೊದಲೇ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವವರಲ್ಲಿ ಒಂದಷ್ಟು ಜನಕ್ಕಾದರೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನಗೆ 44 ವರ್ಷ. ವಾರಕ್ಕೊಂದು ಸಲ ಬೆಟ್ಟ ಹತ್ತುತ್ತಿದ್ದವಳು ಹೋದ ವರ್ಷ ಒಮ್ಮೆಲೇ ನಾಲ್ಕು ದಿನ ಹೋಗಲು ಶುರು ಮಾಡಿದೆ. ಮೂರನೇ ವಾರ ಬಲಮಂಡಿಯ ಹೊರಬದಿಯಲ್ಲಿ ನೋವು ಕಾಣಿಸಿಕೊಂಡಿತು. ಹತ್ತುವಾಗ ಏನೂ ಇಲ್ಲ. ಇಳಿಯುವಾಗ ದಾರಿಯಲ್ಲಿ ಸಿಗುವ ನಂದಿ ವಿಗ್ರಹದ ಹತ್ತಿರ ಬರುವಷ್ಟರಲ್ಲಿ ಚಾಕು ಹಾಕಿದ ಹಾಗೆ ಚುಚ್ಚುತ್ತಿತ್ತು.

ಒಂದು ಕ್ಲಿನಿಕ್‌ಗೆ ಹೋದೆ. ಮಂಡಿಯನ್ನು ಮುಟ್ಟಿಯೂ ನೋಡದೆ, "ಸವೆತ ಶುರುವಾಗಿದೆ, ಬೆಟ್ಟ ಮರೆತುಬಿಡಿ" ಅಂದರು. ಎರಡು ತಿಂಗಳು ಹೋಗಲಿಲ್ಲ. ನೋವೂ ಇರಲಿಲ್ಲ. ಮತ್ತೆ ಹೋದ ಮೊದಲ ದಿನವೇ ಅದೇ ಜಾಗದಲ್ಲಿ ಹಿಡಿಯಿತು. ಅವತ್ತು ಮನೆಗೆ ಬಂದು ಅತ್ತುಬಿಟ್ಟೆ.

ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ನನ್ನನ್ನು ಬಲಗಾಲಲ್ಲಿ ನಿಲ್ಲಿಸಿ ಮಂಡಿ ಸ್ವಲ್ಪ ಬಗ್ಗಿಸಲು ಹೇಳಿದರು. ಸೊಂಟ ಎಡಕ್ಕೆ ಕುಸಿಯಿತು, ಮಂಡಿ ಒಳಕ್ಕೆ ವಾಲಿತು. ಸೊಂಟದಿಂದ ತೊಡೆಯ ಹೊರಬದಿಯಲ್ಲಿ ಇಳಿದು ಮಂಡಿಯ ಕೆಳಗಿನ ಮೂಳೆಗೆ ಸೇರುವ ಒಂದು ದಪ್ಪ ಪಟ್ಟಿ ಇದೆ. ಐಟಿ ಬ್ಯಾಂಡ್ ಅನ್ನುತ್ತಾರೆ. ಮಂಡಿ ಸುಮಾರು 30 ಡಿಗ್ರಿ ಬಗ್ಗಿದಾಗ ಅದು ಪಕ್ಕದ ಮೂಳೆಯ ಉಬ್ಬಿನ ಮೇಲೆ ಒತ್ತುತ್ತದೆ. ಸೊಂಟದ ಪಕ್ಕದ ಸ್ನಾಯುಗಳಿಗೆ ಬಲ ಸಾಲದಿದ್ದರೆ, ಇಳಿಯುವಾಗ ಈ ಒತ್ತಡ ಇನ್ನೂ ಜಾಸ್ತಿ. ಅಮೆರಿಕದ ಮರೀನ್ ಪಡೆಯ ಹುಡುಗರಲ್ಲಿ ಇದೇ ನೋವನ್ನು ಗುರುತಿಸಿ 1975ರಲ್ಲೇ ವೈದ್ಯರು ಬರೆದಿದ್ದಾರೆ. ತರಬೇತಿಗೆ ಬಂದ ಹುಡುಗರಿಗೆ ಸವೆತದ ವಯಸ್ಸಲ್ಲ, ಅಲ್ವಾ?

ಆಮೇಲೆ ನಾನು ಬೆಟ್ಟ ಬಿಡಲಿಲ್ಲ. ಹತ್ತಿ ಹೋಗಿ ಬಸ್ಸಿನಲ್ಲಿ ಇಳಿದೆ, ವಾರಕ್ಕೆ ಎರಡೇ ಸಲ. ಮನೆಯಲ್ಲಿ ದಿನ ಬಿಟ್ಟು ದಿನ ಎರಡು ವ್ಯಾಯಾಮ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನಿಧಾನವಾಗಿ ಎತ್ತಿ ಇಳಿಸುವುದು ಒಂದು. ಮೆಟ್ಟಿಲಿನ ಅಂಚಲ್ಲಿ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಬದಿಯ ಸೊಂಟವನ್ನು ಕೆಳಗಿಳಿಸಿ ಮೇಲೆತ್ತುವುದು ಇನ್ನೊಂದು. ಆರು ವಾರಕ್ಕೆ ನಂದಿಯವರೆಗೆ ಇಳಿದೆ. ಮೂರು ತಿಂಗಳಿಗೆ ಪಾದದವರೆಗೂ. ನೋಯುವ ಜಾಗವನ್ನೇ ಗಟ್ಟಿಯಾಗಿ ನೀವಬೇಡಿ. ನಾನು ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ನೋವು ಹೆಚ್ಚಿಸಿಕೊಂಡಿದ್ದೆ.

ಮಂಡಿ ಊದಿದ್ದರೆ, ಬಗ್ಗಿಸಿದ್ದು ಸಿಕ್ಕಿಕೊಂಡರೆ, ಬಿದ್ದ ಮೇಲೆ ನೋವು ಬಂದಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಅದು ಬೇರೆ. ತಡಮಾಡದೆ ಮೂಳೆ ಡಾಕ್ಟರಿಗೆ ತೋರಿಸಬೇಕು.

ನಿಮ್ಮ ಆರೋಗ್ಯ ಪುಟದಲ್ಲಿ ಮಂಡಿ ನೋವು ಅಂದರೆ ವಯಸ್ಸಾದವರ ಸವೆತದ ವಿಷಯವೇ ಹೆಚ್ಚು. ಈ ಎರಡು ವ್ಯಾಯಾಮಗಳನ್ನು ತಜ್ಞರಿಂದ ಬರೆಸಿ, ಚಿತ್ರದ ಸಮೇತ, ಆಷಾಢದ ಮೊದಲ ಶುಕ್ರವಾರಕ್ಕೆ ಮುಂಚೆ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

— ಹೈಸ್ಕೂಲ್ ಶಿಕ್ಷಕಿ, ಕುವೆಂಪುನಗರ, ಮೈಸೂರು