ಸೈಕಲ್ ತುಳಿದು ಕೆಲಸಕ್ಕೆ ಹೋಗುವವರ ಪರವಾಗಿ ಕೊಪ್ಪಳ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ಕಂಪನಿಯವರು ಬಸ್ಸೋ ಕಾರೋ ಕಳಿಸಿ ನೌಕರರನ್ನು ಮನೆಯಿಂದ ಕೆಲಸಕ್ಕೆ ಕರೆಸಿಕೊಂಡರೆ ಆ ಸೌಲಭ್ಯಕ್ಕೆ ಆದಾಯ ತೆರಿಗೆ ಇಲ್ಲ. ಅದೇ ಕಂಪನಿ ಸೈಕಲ್ ತುಳಿದು ಬರುವವರಿಗೆ ತಿಂಗಳಿಗೆ ಐನೂರು ರೂಪಾಯಿ ಭತ್ಯೆ ಕೊಟ್ಟರೆ ಅದು ಸಂಬಳದ ಲೆಕ್ಕಕ್ಕೆ ಸೇರುತ್ತದೆ. ಇದು ಯಾವ ನ್ಯಾಯ ಹೇಳಿ?

ಬೆಳಗಿನ ಶಿಫ್ಟ್ ಹೊತ್ತಿಗೆ ಒಮ್ಮೆ ಗಿಣಿಗೇರಿ ಕಡೆ ಬನ್ನಿ. ಹ್ಯಾಂಡಲ್‌ಗೆ ಬುತ್ತಿ ಚೀಲ ತೂಗುಹಾಕಿ, ಧೂಳಿಗೆ ಮುಖದ ತುಂಬಾ ಟವೆಲ್ ಸುತ್ತಿಕೊಂಡು, ಲಾರಿಗಳ ಪಕ್ಕದಲ್ಲೇ ಜನ ಸೈಕಲ್ ತುಳಿಯುತ್ತಾರೆ. ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ರಸ್ತೆ ಬಿಟ್ಟು ಮಣ್ಣಿಗಿಳಿಯಬೇಕು, ಇಳಿದರೆ ಬಳ್ಳಾರಿ ಜಾಲಿ ಮುಳ್ಳು ಚುಚ್ಚಿ ಪಂಕ್ಚರ್. ಪಂಕ್ಚರ್ ಹಾಕಿಸಿ ಗೇಟಿಗೆ ತಡವಾಗಿ ಹೋದರೆ ಕೂಲಿಗೂ ಕತ್ತರಿ. ಟ್ಯೂಬು, ಟೈರು, ಚೈನು ಎಲ್ಲಾ ಅವರದೇ ಜೇಬಿನಿಂದ.

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಒಳ್ಳೆಯದಾಯಿತು. ಆದರೆ ಎಲೆಕ್ಟ್ರಿಕ್ ಕಾರಿಗೆ ಶೇ 5 ಆಗಿದ್ದು 2019ರ ಆಗಸ್ಟ್‌ನಲ್ಲೇ. ಅಂದರೆ ಆರು ವರ್ಷ, ಲಕ್ಷಗಟ್ಟಲೆ ಸುರಿದು ಆ ಕಾರು ಕೊಂಡವರಿಗಿಂತ ಸೈಕಲ್ ಕೊಂಡ ಬಡವರೇ ಜಾಸ್ತಿ ದರದಲ್ಲಿ ತೆರಿಗೆ ಕಟ್ಟಿದರು! ಆ ಕಾರಿನ ಸಾಲದ ಬಡ್ಡಿಗೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ವಿನಾಯಿತಿ ಕೊಟ್ಟಿದ್ದರು. ಸೈಕಲ್ ಯಾರಿಗೂ ನೆನಪಾಗಲೇ ಇಲ್ಲ, ಅಲ್ವಾ?

ಬ್ರಿಟನ್‌ನಲ್ಲಿ 1999ರಿಂದ ಕೆಲಸ ಕೊಟ್ಟವರ ಮೂಲಕವೇ ಸೈಕಲ್ ಪಡೆಯುವ ಯೋಜನೆ ಇದೆ. ಅದರ ಹಣ ತೆರಿಗೆಗೂ ಮುಂಚೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ, ಹಾಗಾಗಿ ಅಷ್ಟು ಹಣಕ್ಕೆ ತೆರಿಗೆ ಬೀಳುವುದಿಲ್ಲ. ಬೆಲ್ಜಿಯಂನಲ್ಲಿ ತುಳಿದ ಕಿಲೋಮೀಟರ್ ಲೆಕ್ಕದಲ್ಲಿ ಕೊಡುವ ಭತ್ಯೆಗೆ ತೆರಿಗೆ ವಿನಾಯಿತಿ ಇದೆ. ಅದನ್ನೇ ಸುಮ್ನೆ ಇಲ್ಲಿಗೆ ತಂದರೆ ನಮ್ಮವರಿಗೆ ದಕ್ಕುವುದಿಲ್ಲ. ನಮ್ಮ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದ ಆದಾಯದವರೆಗೆ ತೆರಿಗೆಯೇ ಇಲ್ಲ, ಗಿಣಿಗೇರಿ ರಸ್ತೆಯಲ್ಲಿ ಸೈಕಲ್ ತುಳಿಯುವ ಕೂಲಿ ಕಾರ್ಮಿಕರು ಕಟ್ಟದ ತೆರಿಗೆಗೆ ವಿನಾಯಿತಿ ತಗೊಂಡು ಏನು ಮಾಡಬೇಕು?

ಹಾಗಾಗಿ ರಿಯಾಯಿತಿಯನ್ನು ಕಂಪನಿಗೆ ಕೊಡಿ, ಹಣ ಕಾರ್ಮಿಕರ ಕೈಗೆ ಬರಲಿ. ಸೈಕಲ್ ಭತ್ಯೆಗೆ ನೂರು ರೂಪಾಯಿ ಕೊಟ್ಟ ಕಂಪನಿ ತನ್ನ ತೆರಿಗೆ ಲೆಕ್ಕದಲ್ಲಿ ನೂರೈವತ್ತು ಖರ್ಚು ಅಂತ ತೋರಿಸಿಕೊಳ್ಳಲಿ, ಆಗ ಅದು ಕಟ್ಟುವ ತೆರಿಗೆ ಕಡಿಮೆಯಾಗುತ್ತದೆ. ನೆರಳಿರುವ ಸೈಕಲ್ ಸ್ಟ್ಯಾಂಡ್ ಕಟ್ಟಿಸಿದರೂ ಅಷ್ಟೇ. ಆದರೆ ಗುತ್ತಿಗೆ ಕಾರ್ಮಿಕರಿಗೂ ಭತ್ಯೆ ಕೊಟ್ಟರೆ ಮಾತ್ರ ಈ ರಿಯಾಯಿತಿ ಅಂತ ಷರತ್ತು ಇರಲೇಬೇಕು, ಇಲ್ಲದಿದ್ದರೆ ಅದು ಕಾಯಂ ನೌಕರರಿಗಷ್ಟೇ ಸಿಕ್ಕಿ ನಿಂತುಬಿಡುತ್ತದೆ.

ಹಣಕಾಸು ಸಚಿವರು ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ಬಜೆಟ್‌ಗೆ ಮುಂಚೆ ಅವರಿಗೊಂದು ಪತ್ರ ಬರೆಯಿರಿ, ಸದನದಲ್ಲೂ ಪ್ರಶ್ನೆ ಕೇಳಿ. ಅವರು ಕೊಟ್ಟ ಉತ್ತರವನ್ನು ನಮಗೂ ತಿಳಿಸಿ.

ಇಂತಿ,
ಕೊಪ್ಪಳದ ಒಬ್ಬ ಮತದಾರ