ಒಂದು ಪೋರ್ಟಿಗೋಸ್ಕರ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಬೇಕಾ?

ಮಾನ್ಯ ಸಂಪಾದಕರೇ,

ನಮ್ಮ ಅಕ್ಕನ ಮಗಳು ಮಂಡ್ಯದಲ್ಲಿ ಇಂಜಿನಿಯರಿಂಗ್ ಕೊನೆ ವರ್ಷ ಓದುತ್ತಿದ್ದಾಳೆ. ಪ್ರಾಜೆಕ್ಟ್‌ಗೆ ಅಂತ ಲ್ಯಾಪ್‌ಟಾಪಿಗೆ ಟಾಮ್‌ಕ್ಯಾಟ್ ಹಾಕಿಕೊಂಡಳು, ಜಾವಾದಲ್ಲಿ ಬರೆದ ವೆಬ್‌ಸೈಟ್ ಓಡಿಸುವ ಸಾಫ್ಟ್‌ವೇರ್ ಅದು. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 8080 (ಅಂದರೆ ಇದೇ ಲ್ಯಾಪ್‌ಟಾಪಿನ 8080ನೇ ಪೋರ್ಟು) ಅಂತ ಹೊಡೆದರೆ ಟಾಮ್‌ಕ್ಯಾಟಿನ ಪುಟ ಬರಲಿಲ್ಲ, ಯೂಸರ್‌ನೇಮ್ ಪಾಸ್‌ವರ್ಡ್ ಕೇಳುವ ಪುಟ್ಟ ಬಾಕ್ಸ್ ಬಂತು. ಗೊತ್ತಿದ್ದ ಪಾಸ್‌ವರ್ಡ್ ಎಲ್ಲಾ ಹಾಕಿ ನೋಡಿದಳು. ಊಹೂಂ. ಲ್ಯಾಬಿನಲ್ಲಿ ಕೇಳಿದರೆ "ತೆಗೆದು ಮತ್ತೆ ಹಾಕಮ್ಮ" ಅಂದರಂತೆ. ಹಾಕಿದಳು, ಅದೇ ಕಥೆ. ಕೊನೆಗೆ ಒಂದು ಕಂಪ್ಯೂಟರ್ ಅಂಗಡಿಗೆ ಕೊಟ್ಟರೆ ಅವರು ವೈರಸ್ ಇದೆ ಅಂತ ಪೂರ್ತಿ ಫಾರ್ಮ್ಯಾಟ್ ಮಾಡಿ 700 ರೂಪಾಯಿ ತಗೊಂಡರು. ಮೂರು ತಿಂಗಳು ಬರೆದ ಕೋಡು ಹೋಯಿತು. ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳದೆ ಇದ್ದದ್ದು ಅವಳ ತಪ್ಪೇ, ಒಪ್ಪುತ್ತೇನೆ. ಆದರೆ ಎಲ್ಲಾ ಹೊಸದಾಗಿ ಹಾಕಿದ ಮೇಲೂ ಅದೇ ಬಾಕ್ಸ್ ಬಂತಲ್ಲ!

ನಾನು ಮೈಸೂರಿನ ಹೆಬ್ಬಾಳದಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ, ದಿನಾ ಮಂಡ್ಯದಿಂದ ಓಡಾಟ. ಭಾನುವಾರ ಕೂತು ನೋಡಿದರೆ ಎರಡು ನಿಮಿಷದ ವಿಷಯ. ಲ್ಯಾಬಿನಲ್ಲಿ ಕೊಟ್ಟ ಹಾಳೆಯಂತೆ ಅವಳು ಮೊದಲು ಒರಾಕಲ್ 11ಜಿ ಎಕ್ಸ್‌ಪ್ರೆಸ್ ಎಡಿಷನ್ ಅನ್ನುವ ಡೇಟಾಬೇಸ್ ಹಾಕಿದ್ದಳು. ಅದು ಸದ್ದಿಲ್ಲದೆ 8080 ಪೋರ್ಟ್ ಹಿಡಿದುಕೊಳ್ಳುತ್ತದೆ. ಪೋರ್ಟ್ ಅಂದರೆ ಒಂದು ಪ್ರೋಗ್ರಾಮ್ ಹೊರಗಿನವರ ಕರೆಗೆ ಕಾದು ಕೂರುವ ನಂಬರು. ಟಾಮ್‌ಕ್ಯಾಟಿಗೂ ಅದೇ ಬೇಕು. ಪಾಸ್‌ವರ್ಡ್ ಕೇಳುತ್ತಿದ್ದದ್ದು ಟಾಮ್‌ಕ್ಯಾಟ್ ಅಲ್ಲವೇ ಅಲ್ಲ, ಒರಾಕಲ್ಲು.

ಮೈಸೂರು ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ಮೊದಲು ಹಾಕಿದವರದ್ದು ಸೀಟು. ಆಮೇಲೆ ಬಂದ ಟಾಮ್‌ಕ್ಯಾಟ್ 'ಅಡ್ರೆಸ್ ಆಲ್ರೆಡಿ ಇನ್ ಯೂಸ್' ಅಂತ ತನ್ನ ಲಾಗ್ಸ್ ಫೋಲ್ಡರಿನಲ್ಲಿ ಬರೆದಿಟ್ಟಿತ್ತು, ಅದನ್ನು ಯಾರೂ ತೆರೆದೇ ನೋಡಿರಲಿಲ್ಲ. ಈ ಬಸ್ಸಿನಲ್ಲಿ 65,535 ಸೀಟಿವೆ ಸ್ವಾಮಿ, ಒಂದು ಸಿಗಲಿಲ್ಲ ಅಂತ ಬಸ್ಸನ್ನೇ ಗುಜರಿಗೆ ಹಾಕಿದ ಹಾಗಾಯಿತು.

ಯಾರು ಕೂತಿದ್ದಾರೆ ಅಂತ ನೋಡುವುದು ಸುಲಭ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್‌ಸ್ಟ್ಯಾಟ್, ಒಂದು ಸ್ಪೇಸ್, ಒಂದು ಹೈಫನ್, ಅದಕ್ಕೆ ಅಂಟಿದಂತೆ ಎ ಎನ್ ಒ ಅಂತ ಹೊಡೆದರೆ ಉದ್ದದ ಪಟ್ಟಿ ಬರುತ್ತದೆ, ಅದರಲ್ಲಿ 8080 ಇದ್ದು 'ಲಿಸನಿಂಗ್' ಅಂತಿರುವ ಸಾಲಿನ ಕೊನೆಯ ನಂಬರನ್ನು ಟಾಸ್ಕ್ ಮ್ಯಾನೇಜರಿನಲ್ಲಿ ಹುಡುಕಿದರೆ ಆಸಾಮಿ ಸಿಕ್ಕಿಬೀಳುತ್ತಾನೆ. ನಮಗೆ ಸಿಕ್ಕಿದ್ದು ಒರಾಕಲ್ಲಿನ ಲಿಸನರ್. ಸಿಕ್ಕಿದ ತಕ್ಷಣ 'ಎಂಡ್ ಟಾಸ್ಕ್' ಒತ್ತಬೇಡಿ. ಡೇಟಾಬೇಸಿಗೆ ಕನೆಕ್ಟ್ ಆಗುವ ದಾರಿಯೇ ಅದು, ಅಲ್ಲದೆ ರೀಸ್ಟಾರ್ಟ್ ಆದರೆ ಮತ್ತೆ ಬಂದು ಕೂರುತ್ತದೆ. ಅದರ ಬದಲು ಟಾಮ್‌ಕ್ಯಾಟಿನ ಕಾನ್ಫ್ ಫೋಲ್ಡರಿನಲ್ಲಿರುವ ಸರ್ವರ್ ಡಾಟ್ ಎಕ್ಸ್‌ಎಂಎಲ್ ಫೈಲಿನಲ್ಲಿ, ಕನೆಕ್ಟರ್ ಅಂತಿರುವ ಕಡೆ 8080 ತೆಗೆದು 8081 ಮಾಡಿ ಮತ್ತೆ ಶುರು ಮಾಡಿದರೆ ಸಾಕು. ಕೋಡ್ ಬರೆಯುವ ಎಕ್ಲಿಪ್ಸ್ ಒಳಗೊಂದು, ಹೊರಗೊಂದು ಅಂತ ಎರಡು ಟಾಮ್‌ಕ್ಯಾಟ್ ಓಡಿಸುವವರು 8005 ಕೂಡ ನೋಡಿಕೊಳ್ಳಿ, ಅದು ನಿಲ್ಲಿಸಲು ಇರುವ ಪೋರ್ಟು, ಜಗಳ ಅಲ್ಲೂ ಆಗುತ್ತದೆ.

ಒಂದೊಂದು ಸಲ ಪಟ್ಟಿಯಲ್ಲಿ ಯಾರೂ ಕಾಣುವುದಿಲ್ಲ, ಆದರೂ ಪೋರ್ಟ್ ಸಿಗುವುದಿಲ್ಲ. ಟವೆಲ್ ಇದೆ, ಮನುಷ್ಯ ಇಲ್ಲ! ವಿಂಡೋಸ್‌ನಲ್ಲಿ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಹೈಪರ್-ವಿ ಆನ್ ಇದ್ದರೆ ಒಂದಷ್ಟು ಪೋರ್ಟುಗಳನ್ನು ಮೊದಲೇ ರಿಸರ್ವ್ ಮಾಡಿಟ್ಟಿರುತ್ತದೆ. ಪ್ರೋಗ್ರಾಮುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟಂತೆ ಓಡಿಸುವ ಡಾಕರ್ ಹಾಕಿದವರಿಗೆ ಈ ಕಾಟ ಜಾಸ್ತಿ. ಸುಮ್ನೆ ಬೇರೆ ನಂಬರ್ ಕೊಟ್ಟುಬಿಡಿ.

ಒರಾಕಲ್ಲೂ ಟಾಮ್‌ಕ್ಯಾಟೂ ಎರಡನ್ನೂ ಹಾಕಿ ಅನ್ನುವ ಲ್ಯಾಬ್ ಹಾಳೆಯಲ್ಲಿ ಇದಕ್ಕೊಂದು ಅರ್ಧ ಪುಟ ಇರಬೇಕಲ್ವಾ? ಪ್ರತಿ ವರ್ಷ ಹೊಸ ಮಕ್ಕಳು ಇದೇ ಬಾಕ್ಸಿಗೆ ಬಂದು ನಿಲ್ಲುತ್ತಾರೆ. ಅಂಗಡಿಯವರೂ ಅಷ್ಟೇ, ಫಾರ್ಮ್ಯಾಟ್‌ಗೆ ಕೈ ಹಾಕುವ ಮುಂಚೆ ಫೈಲೆಲ್ಲಾ ಕಾಪಿ ಮಾಡಿಕೊಂಡಿದ್ದೀರಾ ಅಂತ ಒಂದು ಮಾತು ಕೇಳಲಿ. ನಮ್ಮ ಹುಡುಗಿಗೆ ಗೈಡ್ ಒಂದು ವಾರ ಜಾಸ್ತಿ ಟೈಮ್ ಕೊಟ್ಟಿದ್ದಾರೆ. ಕೋಡನ್ನು ಮೊದಲಿಂದ ಬರೆಯುತ್ತಿದ್ದಾಳೆ, ಈ ಸಲ 8081ರಲ್ಲಿ.

ಇಂತಿ,
ಒಬ್ಬ ಓದುಗ, ಮಂಡ್ಯ